ನೋಡೋದು ಬಿಟ್ಟೆ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ, ನೀವು ಕಾಶೀಲಿ ಏನು ಬಿಟ್ರಿ ಅಂತ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ಮುಂದೆ ಬಿಟ್ಟು ಬರಬೇಕು, ಆಮೇಲೆ ಬದುಕಿರುವವರೆಗೆ ಅದನ್ನು ಮುಟ್ಟಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಬೇಡಪ್ಪ, ಅದನ್ನ ಕಾಶೀಲಿ ಬಿಟ್ಟಿದೀನಿ’ ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ. ಆ ಮಾತಿನಲ್ಲಿ ಭಕ್ತಿ ಎಷ್ಟಿರುತ್ತದೋ ಜಂಬವೂ ಅಷ್ಟೇ ಇರುತ್ತದೆ. ನಾನಂತೂ ಮದುವೆಯಾಗಿ ಮೈಸೂರು ಕಡೆಯಿಂದ ಕಾಶಿಗೆ ಬಂದವಳು, ಇಲ್ಲೇ ತಲೆ ನರೆಯಿತು. ಇಷ್ಟು ವರ್ಷ ಇಲ್ಲಿದ್ದೂ ಏನನ್ನೂ ಬಿಟ್ಟಿರಲಿಲ್ಲ. ಬಿಟ್ಟು ಹೋಗಬೇಕಾದರೆ ಮೊದಲು ಇಲ್ಲಿಂದ ಹೋಗಬೇಕಲ್ಲ, ನಾವೆಲ್ಲಿಗೆ ಹೋಗೋದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಆ ವಾದ ನನಗೂ ಅನುಕೂಲವಾಗಿತ್ತು, ಏಕೆಂದರೆ ನನಗೆ ಬದನೆಕಾಯಿ ಇಷ್ಟ, ಸೀಬೆಹಣ್ಣು ಇಷ್ಟ, ಕಾಫಿಯಂತೂ ಪ್ರಾಣ.

ಹೀಗೆ ಬಿಡಿಸುವುದೇ ನನ್ನ ಯಜಮಾನರ ಕಸುಬು. ಇವರ ಅಜ್ಜನ ಕಾಲದಿಂದ ಈ ಮನೆಯವರು ಕರ್ನಾಟಕದ ಯಾತ್ರಿಕರಿಗೆ ಪುರೋಹಿತರು. ಬೆಳಿಗ್ಗೆ ದಶಾಶ್ವಮೇಧ ಘಾಟಿನಲ್ಲಿ ಬಿದಿರಿನ ದೊಡ್ಡ ಛತ್ರಿಯ ಕೆಳಗೆ, ಮರದ ಚೌಕಿಯ ಮೇಲೆ ಇವರು ಕೂತರೆ, ಬಸ್ಸಿಳಿದು ಬಂದ ನಮ್ಮ ಕಡೆಯವರು ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲಿ ಎದುರಿಗೆ ಸಾಲಾಗಿ ಕೂರುತ್ತಿದ್ದರು. ಅವರ ಅಂಗೈಯಲ್ಲಿ ನೀರು ಹಿಡಿಸಿ ಸಂಕಲ್ಪ ಹೇಳಿಸುವುದು, ಹಿರಿಯರಿಗೆ ಪಿಂಡ ಹಾಕಿಸುವುದು, ಎಲ್ಲ ಮುಗಿದ ಮೇಲೆ ‘ಏನು ಬಿಡ್ತೀರಿ?’ ಎಂದು ಕೇಳುವುದು. ಅರ್ಧಕ್ಕರ್ಧ ಜನ ಹಾಗಲಕಾಯಿ ಎನ್ನುತ್ತಿದ್ದರು. ಹಾಗಲಕಾಯಿ ಬಿಡೋದಕ್ಕೆ ಇಷ್ಟು ದೂರ ಬರಬೇಕಿತ್ತೇ, ಊರಲ್ಲೇ ಬಿಡಬಹುದಿತ್ತಲ್ಲ ಎಂದು ಇವರು ಛೇಡಿಸುತ್ತಿದ್ದರು. ಕಾಫಿ ಬಿಟ್ಟವರನ್ನು ಮಾತ್ರ ಇವರೂ ಕಂಡಿಲ್ಲ, ಇವರ ಅಪ್ಪನೂ ಕಂಡಿರಲಿಲ್ಲ.

ಬಿಟ್ಟು ಹೋದವರು ಊರು ತಲುಪಿದ ಮೇಲೆ ಫೋನ್ ಮಾಡುವುದೂ ಉಂಟು. ಪಂಡಿತರೇ, ನಾನು ಆಲೂಗಡ್ಡೆ ಬಿಟ್ಟಿದ್ದೆ, ಚಿಪ್ಸ್ ತಿನ್ನಬಹುದಾ ಎಂದು ಒಬ್ಬಾಕೆ ಕೇಳಿದ್ದಳು. ಇವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟರು.

‘ನಾಲಿಗೆ ಏನು ಹೇಳಿತೋ ಅಷ್ಟೇ ಬಿಟ್ಟಿದ್ದು ತಾಯಿ. ಆಲೂಗಡ್ಡೆ ಅಂದಿದ್ರೆ ಚಿಪ್ಸೂ ಆಲೂಗಡ್ಡೇನೇ. ಆಲೂಗಡ್ಡೆ ಪಲ್ಯ ಅಂದಿದ್ರೆ ಚಿಪ್ಸ್ ತಿನ್ನಿ.’

ಆಕೆ ಪಲ್ಯ ಎಂದಿದ್ದಳಂತೆ. ಆ ದಿನ ಇಬ್ಬರಿಗೂ ಖುಷಿಯಾಯಿತು. ನಾನು ಒಳಗಿನಿಂದ, ದೇವರಿಗೆ ವ್ಯಾಕರಣ ಕಲಿಸುತ್ತೀರಲ್ಲ ಎಂದು ಕೆಣಕಿದ್ದಕ್ಕೆ, ಮಾತು ಅಂದ ಮೇಲೆ ಮಾತು ಎಂದಷ್ಟೇ ಹೇಳಿ ಕನ್ನಡಕ ಹಾಕಿಕೊಂಡರು.

ಮಾತಿನ ವಿಷಯದಲ್ಲಿ ನಮ್ಮಿಬ್ಬರ ಜಗಳ ಮದುವೆಯಾದ ವಾರದಿಂದಲೇ ಶುರುವಾಗಿತ್ತು. ಇವರದು ಇಲ್ಲಿ ಹುಟ್ಟಿ ಬೆಳೆದ ಕನ್ನಡ. ಅಜ್ಜ ತಂದ ಹಳೆಯ ಮಾತುಗಳ ನಡುನಡುವೆ ನಮ್ಮ ಮನೆಯಿರುವ ಸೋನಾರ್‌ಪುರದ ಅಂಗಡಿ ಬೀದಿಯ ಹಿಂದಿ ಸೇರಿಕೊಂಡಿತ್ತು. ಚೀಲ ಎನ್ನದೆ ಝೋಲಾ ತಗೋ, ತರಕಾರಿ ಎನ್ನದೆ ಸಬ್ಜಿ ಹೆಚ್ಚು ಎನ್ನುತ್ತಿದ್ದರು. ಹೊಸತರಲ್ಲಿ ಒಂದು ಸಂಜೆ ‘ಬತ್ತಿ ಹೋಯ್ತು’ ಎಂದು ಕೂಗಿದಾಗ ನಾನು ದೇವರ ಮನೆಗೆ ಓಡಿ ದೀಪದ ಬತ್ತಿ ಹುಡುಕಿದ್ದೆ. ಕರೆಂಟ್ ಹೋಗುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ ಎಂದು ಅತ್ತೆ ನಗುತ್ತಾ ತಿಳಿಸಿದರು. ಮಗಳ ಕಾಲಕ್ಕೆ ಅಷ್ಟೂ ಉಳಿಯಲಿಲ್ಲ. ಅವಳು ಇಲ್ಲಿಯ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ, ನಮ್ಮ ಜೊತೆಗೇ ಇದ್ದಾಳೆ. ಅಮ್ಮ, ಅಪ್ಪ, ಊಟ, ಸಾಕು ಇಷ್ಟನ್ನು ಕನ್ನಡದಲ್ಲಿ ಹೇಳಿ ಉಳಿದದ್ದನ್ನೆಲ್ಲ ಹಿಂದಿಯಲ್ಲಿ ಹೇಳುತ್ತಾಳೆ. ಹಾಗಾಗಿ ಮನೆಯಲ್ಲಿ ಕನ್ನಡ ಆಡುವುದಕ್ಕೆ ನನಗೆ ಇವರು, ಇವರಿಗೆ ನಾನು.

ಮತ್ತೊಂದು ಜೊತೆಯೆಂದರೆ ಧಾರಾವಾಹಿ. ಕೆಲವು ವರ್ಷಗಳಿಂದ ಸಂಜೆಯ ದೀಪ ಹಚ್ಚಿದ ಮೇಲೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಒಂದು ಕನ್ನಡ ಧಾರಾವಾಹಿ ನೋಡುತ್ತಿದ್ದೆ. ಅದರಲ್ಲಿ ಖಾನಾವಳಿ ನಡೆಸುವ ಸೊಸೆ, ಅವಳನ್ನು ಕಂಡರಾಗದ ಅತ್ತೆ, ಎರಡೂ ಕಡೆ ತಲೆಯಾಡಿಸುವ ಗಂಡ. ಒಂದು ಮದುವೆ ಎಷ್ಟು ದಿನ ನಡೆಯಿತೆಂದರೆ, ತಾಳಿ ಹಿಡಿದ ಮದುಮಗನ ಕೈ ಗಾಳಿಯಲ್ಲೇ ನಿಂತಿದ್ದ ಹಾಗೆಯೇ ಇಲ್ಲಿ ಒಂದು ಹಬ್ಬ ಬಂದು ಹೋಯಿತು. ಇವರು ಪಕ್ಕದಲ್ಲಿ ಹಿಂದಿ ಪೇಪರು ಅಡ್ಡ ಹಿಡಿದು, ಇಂಥಾದ್ದು ಯಾರು ನೋಡ್ತಾರೆ ಎಂದು ಮೂಗು ಮುರಿಯುತ್ತಿದ್ದರು. ಆದರೆ ನಾನು ಒಗ್ಗರಣೆಗೆಂದು ಎದ್ದು ಹೋಗಿ ಬಂದರೆ ನಡುವೆ ಏನೇನಾಯಿತು ಎಂದು ಒಂದೂ ಬಿಡದೆ ಹೇಳುವವರು ಇವರೇ. ಆಮೇಲೆ ಊಟ ಮುಗಿಯುವವರೆಗೂ ಆ ಮನೆಯವರ ಮೇಲೆ ನಾವಿಬ್ಬರೂ ಚಾಡಿ ಹೇಳುತ್ತಿದ್ದೆವು. ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಹೊತ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ ಗಂಗಾಸ್ನಾನ ಎಂದು ಹೇಳುತ್ತಿದ್ದೆನೇನೋ. ಅದು ಸುಳ್ಳಾಗುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಘಾಟಿನಲ್ಲಿ ಇವರಿಗೆ ಲಕ್ವ ಹೊಡೆಯಿತು. ಮಂಡ್ಯದ ಕಡೆಯ ಯಾತ್ರಿಕರಿಗೆ ಸಂಕಲ್ಪ ಹೇಳಿಸುತ್ತಿದ್ದರಂತೆ. ಕಾಶಿಯಲ್ಲಿ ಹೇಳುವ ಸಂಕಲ್ಪದಲ್ಲಿ ಈ ಊರಿನ ಬೇರೆ ಬೇರೆ ಹೆಸರುಗಳೇ ಸಾಲಾಗಿ ಬರುತ್ತವೆ, ಮಹಾಶ್ಮಶಾನೇ, ಆನಂದವನೇ, ಗೌರೀಮುಖೇ ಎಂದು. ಅದೆಲ್ಲ ಸರಾಗವಾಗಿ ಹೇಳಿ, ಎದುರಿಗಿದ್ದವರ ಗೋತ್ರ ಮತ್ತು ಹೆಸರು ಸೇರಿಸಬೇಕಾದ ಜಾಗಕ್ಕೆ ಬಂದು ನಿಂತುಬಿಟ್ಟರು. ಯಾತ್ರಿಕರು ಅಂಗೈಯಲ್ಲಿ ನೀರು ಹಿಡಿದು ಕಾದರು. ಕಾಶಿಯ ಪುರೋಹಿತರಲ್ಲವೇ, ಧ್ಯಾನಕ್ಕೆ ಇಳಿದಿರಬೇಕು ಎಂದುಕೊಂಡು ಅವರೂ ಕಣ್ಣು ಮುಚ್ಚಿದರಂತೆ. ಬೇರೆ ಯಾವ ಊರಿನಲ್ಲಾದರೂ ಮನುಷ್ಯ ಮಾತು ನಿಲ್ಲಿಸಿದರೆ ಏನಾಯಿತು ಎಂದು ಕೇಳುತ್ತಾರೆ, ಇಲ್ಲಿ ಕೈ ಮುಗಿಯುತ್ತಾರೆ. ಪಕ್ಕದ ಚೌಕಿಯ ಪುರೋಹಿತರು ಇತ್ತ ತಿರುಗಿ, ಇವರ ಬಾಯಿ ಒಂದು ಕಡೆಗೆ ಜಾರಿದ್ದನ್ನು ಕಂಡ ಮೇಲೆಯೇ ಕೂಗು ಎದ್ದದ್ದು.

ಆ ಹೊತ್ತಿಗೆ ಮೇಲಿನ ರಸ್ತೆ ಜನರಿಂದ ಕಿಕ್ಕಿರಿದಿತ್ತು. ಪಕ್ಕದ ಚೌಕಿಯವರೇ ಇವರನ್ನು ಮೋಟಾರು ದೋಣಿಯಲ್ಲಿ ಮಲಗಿಸಿ ಅಸ್ಸಿ ಘಾಟಿನವರೆಗೆ ತಂದು, ಅಲ್ಲಿಂದ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಫೋನ್ ಬಂದಾಗ ನಾನು ಹಸಿ ಬಟಾಣಿ ಬಿಡಿಸುತ್ತಿದ್ದೆ. ಸೋನಾರ್‌ಪುರದ ರಸ್ತೆಯಲ್ಲಿ ಸಿಕ್ಕಿಕೊಂಡ ಇ-ರಿಕ್ಷಾದಲ್ಲಿ ಕೂತು, ಸೆರಗಿನಲ್ಲಿ ಉಳಿದ ಬಟಾಣಿ ಸಿಪ್ಪೆಯನ್ನು ಹರಿಯುತ್ತಾ ಹೋದದ್ದು ನೆನಪಿದೆ. ಮಗಳು ನನಗಿಂತ ಮೊದಲೇ ತಲುಪಿ ಡಾಕ್ಟರ ಹತ್ತಿರ ಮಾತಾಡುತ್ತಿದ್ದಳು. ಜೀವಕ್ಕೆ ಭಯವಿಲ್ಲ, ಬಲಗೈ ಬಲಗಾಲು ಕ್ರಮೇಣ ಸುಧಾರಿಸಬಹುದು, ಮಾತಿನ ವಿಷಯ ಮಾತ್ರ ಈಗಲೇ ಹೇಳಲಾಗದು ಎಂದರಂತೆ. ಇವರ ಮಾತೇ ಈ ಮನೆಯ ಅನ್ನ. ಅದನ್ನು ಬಿಟ್ಟರೂ, ಇವರು ಮಾತಾಡದೆ ಇದ್ದರೆ ನಾನು ಯಾರ ಹತ್ತಿರ ಜಗಳವಾಡಲಿ?

ಸಂಜೆ ಮಗಳು ಬಲವಂತ ಮಾಡಿ ಸ್ವಲ್ಪ ಗಾಳಿಗೆ ಹೋಗಿ ಬಾ ಎಂದು ಕಳಿಸಿದಳು. ಅಸ್ಸಿಯ ಮೆಟ್ಟಿಲ ಮೇಲೆ ಬಂದು ಕೂತೆ. ಸುತ್ತ ಕಾಲೇಜು ಹುಡುಗರು ಮಣ್ಣಿನ ಕುಲ್ಹಡ್ ಹಿಡಿದು ಚಹಾ ಕುಡಿಯುತ್ತಾ ಯಾವುದೋ ಸಿನಿಮಾದ ಬಗ್ಗೆ ವಾದ ಮಾಡುತ್ತಿದ್ದರು. ಇಲ್ಲಿ ಇಷ್ಟು ವರ್ಷ ಇದ್ದವಳಿಗೆ ದೇವರು ಎಂದರೆ ಎದುರು ಮನೆಯವರಷ್ಟು ಗುರುತು, ಅಷ್ಟೇ ಅಸಡ್ಡೆ. ಬೇಡುವುದು ಯಾತ್ರಿಕರ ಕೆಲಸ, ನಮ್ಮದು ಬೇಡಿಸುವ ಮನೆತನ ಎನ್ನುವ ಭಾವನೆ ನನ್ನಲ್ಲಿ ಎಲ್ಲೋ ಕೂತಿತ್ತು. ಆ ಸಂಜೆ ಬೇಡಬೇಕೆಂದು ಬಂದರೂ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಚೀಲದಲ್ಲಿದ್ದ ಮೊಬೈಲು ಗುಂಯ್ ಎಂದಿತು. ಆಸ್ಪತ್ರೆಯಿಂದಲೋ ಎಂದು ತಟಕ್ಕನೆ ತೆಗೆದು ನೋಡಿದರೆ, ಧಾರಾವಾಹಿಯ ಹೊಸ ಸಂಚಿಕೆ ಬಂದಿದೆ ಎನ್ನುವ ಸುದ್ದಿ.

ಮೊದಲು ಸಿಟ್ಟು ಬಂತು. ಆಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮದುಮಗ ತಾಳಿ ಕಟ್ಟಿದನೋ ಇಲ್ಲವೋ ಎಂದು ಒಂದು ಗಳಿಗೆ ಮನಸ್ಸು ಅತ್ತ ಹೋಯಿತು. ಆಗ ಗೊತ್ತಾಯಿತು, ನಾನು ಬಿಡಬೇಕಾದದ್ದು ಬದನೆಕಾಯಿಯಲ್ಲ. ಕೆಳಗಿನ ಮೆಟ್ಟಿಲಿಗೆ ಇಳಿದು, ಅಂಗೈಯಲ್ಲಿ ನೀರು ತೆಗೆದುಕೊಂಡೆ. ಇಡೀ ಸಂಕಲ್ಪ ಕೇಳಿ ಕೇಳಿ ನನಗೂ ಬಾಯಿಪಾಠವಿತ್ತು, ಆದರೆ ಆ ಹೊತ್ತಿಗೆ ಬಂದದ್ದು ಮನೆಮಾತೇ.

‘ಇವರಿಗೆ ಮಾತು ಬರ್ಲಿ. ನಾನು ಧಾರಾವಾಹಿ ನೋಡೋದು ಬಿಟ್ಟೆ.’

ನೀರು ಬಿಟ್ಟು ಕೈ ಒರೆಸಿಕೊಂಡು ಆಸ್ಪತ್ರೆಗೆ ನಡೆದೆ. ಇವರಿಗೆ ಇದನ್ನು ಹೇಳಲಿಲ್ಲ. ನನಗೋಸ್ಕರ ಇವಳು ಇಷ್ಟು ಬಿಟ್ಟಳು, ನಾನಿನ್ನೂ ಮಾತಾಡಲಿಲ್ಲ ಎಂಬ ಭಾರ ಅವರ ಮೇಲೆ ಬೀಳುವುದು ಬೇಡವಾಗಿತ್ತು.

ಇವರು ಮನೆಗೆ ಬಂದ ಮೇಲೆ ಒಂದು ವಿಚಿತ್ರ ಕಂಡಿತು. ಬಾಯಾರಿದರೆ ನೀರು ಎನ್ನಲು ಬಾರದು. ಎಲ್ಲದಕ್ಕೂ ‘ಅದು, ಅದು’ ಎಂದು ಎಡಗೈಯಿಂದ ತೋರಿಸಬೇಕು. ಯಾವಾಗಲೋ ಒಮ್ಮೆ ‘ಪಾನಿ’ ಎಂದು ಹಿಂದಿ ಹೊರಟು, ನನ್ನ ಮುಖ ನೋಡಿ ಅದೂ ತಪ್ಪೇನೋ ಎಂಬಂತೆ ಸುಮ್ಮನಾಗುತ್ತಿದ್ದರು. ಆದರೆ ಬೆಳಿಗ್ಗೆ ದೇವರ ಮುಂದೆ ಕೂರಿಸಿದರೆ ಮಂತ್ರ ಒಂದಕ್ಷರ ಎಡವದೆ ಹರಿಯುತ್ತಿತ್ತು. ಗಲ್ಲಿಯ ಜನ ಕಿಟಕಿಯ ಹತ್ತಿರ ನಿಂತು ಕೇಳಿ, ಬಾಬಾ ವಿಶ್ವನಾಥರ ಪವಾಡ ಎಂದು ಕೈ ಮುಗಿದು ಹೋದರು. ಒಬ್ಬಾಕೆ ಇವರ ಪಾದದ ನೀರು ಕೇಳಿದಳು. ಕುಡಿಯುವ ನೀರನ್ನು ಕೇಳಲಾರದ ಮನುಷ್ಯನ ಪಾದದ ನೀರು ಯಾಕಮ್ಮ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಇವರು ಕ್ಷೌರದ ಕನ್ನಡಿಯತ್ತ ತೋರಿಸಿ ಅದರ ಮೇಲೆ ಟವಲು ಹಾಕಿಸಿದರು. ಬಾಯಿಯ ಬಲಮೂಲೆ ಇನ್ನೂ ಕೆಳಗೆ ಜೋತಿತ್ತು. ವಾರಗಟ್ಟಲೆ ಆ ಟವಲು ಹಾಗೇ ಇತ್ತು.

ಹೀಗಿರುವಾಗ ಹಾಸನದ ಕಡೆಯ ದಂಪತಿ ಬಂದರು. ಗಂಡನ ತಂದೆ ಬಂದಾಗ ಪಿಂಡ ಹಾಕಿಸಿದ್ದು ಇವರ ತಂದೆಯೇ, ಬೇರೆಯವರ ಕೈಯಲ್ಲಿ ಮಾಡಿಸಲು ಮನಸ್ಸಿಲ್ಲ ಎಂದು ಮನೆಗೇ ಬಂದಿದ್ದರು. ಒಳಗೆ ಇವರು ಮಂತ್ರ ಹೇಳುವುದು ಕೇಳಿ ಅವರ ಮುಖ ಅರಳಿತು. ಇವರಿಗೂ ಆಸೆ ಹುಟ್ಟಿತು, ಎಡಗೈಯಿಂದಲೇ ಮಣೆ ತೋರಿಸಿದರು. ಅವರ ಅಂಗೈಗೆ ನಾನು ನೀರು ಹಾಕಿದೆ. ಸಂಕಲ್ಪ ಶುರುವಾಯಿತು. ಮಹಾಶ್ಮಶಾನ ದಾಟಿತು, ಆನಂದವನ ದಾಟಿತು, ಭಾಗೀರಥಿಯ ಪಶ್ಚಿಮ ತೀರವೂ ಬಂತು. ಹೆಸರು ಹೇಳಬೇಕಾದ ಜಾಗದಲ್ಲಿ, ಘಾಟಿನಲ್ಲಿ ನಿಂತಿದ್ದ ಅದೇ ಜಾಗದಲ್ಲಿ, ಮತ್ತೆ ನಿಂತಿತು. ಬಾಯಿಪಾಠವಾದದ್ದಕ್ಕೆ ತೊಂದರೆಯಿಲ್ಲ, ಎದುರಿಗೆ ಕೂತ ಮನುಷ್ಯನನ್ನು ಕರೆಯುವ ಮಾತು ಅಲ್ಲಿ ಬೇಕಾಗುತ್ತದೆ. ಅದು ಬರಲಿಲ್ಲ. ನಾನು ತಡೆಯಲಾರದೆ ಆತನ ಗೋತ್ರವನ್ನೂ ಹೆಸರನ್ನೂ ಇವರ ಪರವಾಗಿ ಹೇಳಿಬಿಟ್ಟೆ. ಇವರು ನನ್ನತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ, ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟರು. ದಂಪತಿ ಅರ್ಥ ಮಾಡಿಕೊಂಡು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಮಾರನೆಯ ಬೆಳಿಗ್ಗೆಯಿಂದ ಇವರು ಮಂತ್ರ ಹೇಳುವುದನ್ನೂ ನಿಲ್ಲಿಸಿದರು.

ಮನೆಯಲ್ಲಿ ಅಂಥ ಮೌನ ನಾನು ಕಂಡಿರಲಿಲ್ಲ. ಟೆರೇಸಿನ ಮೇಲೆ ಕೋತಿ ಓಡಿದರೆ ಸಾಕು, ಸದ್ಯ ಏನೋ ಸದ್ದಾಯಿತಲ್ಲ ಅನ್ನಿಸುತ್ತಿತ್ತು. ಸಂಜೆ ಡಬ್ಬಿಗೆ ಒರಗಿಸುತ್ತಿದ್ದ ಮೊಬೈಲು ಮೊಳೆಗೆ ನೇತುಹಾಕಿದ ಚೀಲದಲ್ಲೇ ಇರುತ್ತಿತ್ತು. ಆ ಮೌನ ತುಂಬಲು ನಾನು ಇವರ ಮುಂದೆ ಕೂತು ಬಿಡುವಿಲ್ಲದೆ ಮಾತಾಡುತ್ತಿದ್ದೆ. ಹೂಕೋಸಿನ ರುಚಿ, ಹಾಲಿನವನ ನೆಪ, ಯಾವುದೋ ಮದುವೆ. ಇವರು ‘ಅದು’ ಎನ್ನುವುದಕ್ಕೆ ಮೊದಲೇ ನೀರು, ಚಾದರ, ಕನ್ನಡಕ ಎಂದು ನಾನೇ ಹೇಳಿ ತಂದುಕೊಡುತ್ತಿದ್ದೆ. ಸೇವೆ ಅಂದರೆ ಇದೇ ಎಂದುಕೊಂಡಿದ್ದೆ.

ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ವಾರಕ್ಕೊಮ್ಮೆ ಇವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಒಂದು ದಿನ ಅವಳು ನನ್ನನ್ನೂ ಮಗಳನ್ನೂ ಹೊರಗೆ ಕರೆದು, ತುಂಬ ಮರ್ಯಾದೆಯಿಂದ ಹೇಳಿದಳು.

‘ಮಾತಾಜಿ, ಆಪ್ ಬಹುತ್ ಬೋಲ್ತೀ ಹೈಂ.’

ನೀವು ಬಹಳ ಮಾತಾಡುತ್ತೀರಿ ಎಂದು. ನನ್ನ ಅತ್ತೆ ಕೂಡ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಅವರಿಗೆ ಮಾತು ಹುಡುಕುವ ಅವಕಾಶವನ್ನೇ ನೀವು ಕೊಡುತ್ತಿಲ್ಲ, ಪ್ರಶ್ನೆ ಕೇಳಿ ಸುಮ್ಮನಿರಿ, ಎಷ್ಟು ಹೊತ್ತಾದರೂ ಕಾಯಿರಿ, ಅದೂ ಮನೆಯ ಭಾಷೆಯಲ್ಲೇ ಎಂದಳು. ಕಾಯಿಲೆಗೆ ಮುಂಚೆ ನೀವಿಬ್ಬರೂ ಯಾವುದರ ಬಗ್ಗೆ ಹೆಚ್ಚು ಮಾತಾಡುತ್ತಿದ್ದಿರಿ ಎಂದು ಕೇಳಿದಳು. ನಾನು ಬಾಯಿ ಬಿಡುವ ಮೊದಲೇ ಮಗಳು ನಕ್ಕು, ಸೀರಿಯಲ್ ಎಂದಳು. ಹಾಗಾದರೆ ಅದನ್ನೇ ಹಾಕಿ, ಜೊತೆಗೆ ಕೂತು ನೋಡಿ ಎಂದಳು ಹುಡುಗಿ. ಆಗ ನಾನು ಹರಕೆಯ ವಿಷಯ ಹೇಳಲೇಬೇಕಾಯಿತು. ಮಗಳು ತಲೆ ಚಚ್ಚಿಕೊಂಡಳು. ಒಂದು ಸೀರಿಯಲ್ಲಿಗೆ ಇಷ್ಟೆಲ್ಲ ಯಾಕೆ, ಗಂಗೆಗೆ ಬೇರೆ ಕೆಲಸವಿಲ್ಲವೇ ಎಂದು ಹಿಂದಿಯಲ್ಲಿ ರೇಗಿದಳು. ಹುಡುಗಿ ಮಾತ್ರ ನಗಲಿಲ್ಲ. ತನ್ನ ನಾನಿ, ಎಂದರೆ ಅಮ್ಮನ ಅಮ್ಮ, ಗಯೆಯಲ್ಲಿ ಸೀಬೆಹಣ್ಣು ಬಿಟ್ಟಿದ್ದಳು, ಸಾಯುವ ಮುಂಚೆ ಡಾಕ್ಟರು ಹೇಳಿದರೂ ತಿನ್ನಲಿಲ್ಲ ಎಂದಳು. ನೀವು ನೋಡದಿದ್ದರೆ ಪರವಾಗಿಲ್ಲ, ಮಗಳು ಜೊತೆಗೆ ಕೂರಲಿ ಎಂದಳು.

ಮಗಳು ಕೂತಳು. ಅವಳಿಗೆ ಸಂಭಾಷಣೆಯ ಅರ್ಧ ಅರ್ಥವಾಗದು, ಅರ್ಥವಾದದ್ದನ್ನು ಅಪ್ಪನಿಗೆ ಹಿಂದಿಯಲ್ಲಿ ವಿವರಿಸುವಳು. ಇವರು ಮುಖ ಗಂಟು ಹಾಕಿ ಸ್ವಲ್ಪ ಹೊತ್ತು ನೋಡಿ, ಎಡಗೈಯಿಂದ ಮೊಬೈಲನ್ನು ಮಗುಚಿಟ್ಟು, ಅಡುಗೆಮನೆಯ ಕಡೆ ನೋಡುವರು. ಅಲ್ಲಿ ನಾನು ಬಾಗಿಲ ಹಿಂದೆ ಇಲ್ಲದ ಕೆಲಸ ಮಾಡಿಕೊಂಡು ನಿಂತಿರುತ್ತಿದ್ದೆ. ಮುರಿಯಲೇ ಈ ಹರಕೆಯನ್ನು ಎಂದು ಎಷ್ಟೋ ಸಲ ಅನ್ನಿಸಿತು. ಮುರಿದರೆ ಇರುವ ‘ಅದು’ ಕೂಡ ಹೋಗಿಬಿಟ್ಟರೆ? ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವಳು, ಭಯ ಬಂದಾಗ ಎಲ್ಲರ ಹಾಗೆಯೇ ಆದೆ.

ಹಾಗೆ ನಿಂತಿದ್ದ ಒಂದು ಸಂಜೆ ಆಲೂಗಡ್ಡೆಯಾಕೆಯ ನೆನಪು ಬಂತು. ನಾಲಿಗೆ ಏನು ಹೇಳಿತೋ ಅಷ್ಟೇ. ನನ್ನ ನಾಲಿಗೆ ಹೇಳಿದ್ದು ನೋಡೋದು ಬಿಟ್ಟೆ ಎಂದು. ಕೇಳೋದು ಬಿಟ್ಟೆ ಎಂದಿರಲಿಲ್ಲ. ದೇವರಿಗೆ ವ್ಯಾಕರಣ ಕಲಿಸುತ್ತೀರಲ್ಲ ಎಂದು ಇವರನ್ನು ಕೆಣಕಿದ ನಾನೇ ಈಗ ಗಂಗೆಯ ಹತ್ತಿರ ಪದ ಹಿಡಿದು ಚೌಕಾಸಿ ಮಾಡುತ್ತಿದ್ದೇನೆ ಎಂದು ನಗುವೂ ಬಂತು. ಹತ್ತಿಯ ಡಬ್ಬಿ ತಂದು, ಇವರ ಮಂಚದ ಪಕ್ಕ ಗೋಡೆಗೆ ಮುಖ ಮಾಡಿ, ಮೊಬೈಲಿಗೆ ಬೆನ್ನು ಹಾಕಿ ಕೂತು ಹೂಬತ್ತಿ ಹೊಸೆಯತೊಡಗಿದೆ. ಮಗಳು ಬಿಡುಗಡೆಯಾಯಿತು ಎಂದು ಎದ್ದು ಹೋದಳು.

ಕಿವಿಯಿಂದ ಮಾತ್ರ ಧಾರಾವಾಹಿಯನ್ನು ಹಿಂಬಾಲಿಸಲು ಆಗುವುದಿಲ್ಲ ಎನ್ನುವುದು ಆಗ ತಿಳಿಯಿತು. ಅದರಲ್ಲಿ ಮಾತಿಗಿಂತ ದಿಟ್ಟಿಸುವುದೇ ಹೆಚ್ಚು. ಯಾರೋ ಬಾಗಿಲು ತೆರೆಯುತ್ತಾರೆ, ಧಡ್ ಧಡ್ ಎಂದು ಮೂರು ಸಲ ಸಿಡಿಲು ಬಡಿಯುತ್ತದೆ, ಯಾರೋ ಉಸಿರು ಎಳೆದುಕೊಳ್ಳುತ್ತಾರೆ, ಮುಗಿಯಿತು. ನನಗೆ ತಡೆಯಲಾಗಲಿಲ್ಲ. ‘ಏನೂಂದ್ರೆ, ಏನಾಯ್ತು?’ ಎಂದೆ. ಇವರು ‘ಅದು’ ಎಂದರು. ಯಾವುದು ಎಂದೆ. ಹಿಂದಿನ ಹಾಗಾಗಿದ್ದರೆ ತಿರುಗಿ ನೋಡಿ ನಾನೇ ಹೇಳಿಬಿಡುತ್ತಿದ್ದೆ. ಈಗ ತಿರುಗುವಂತಿಲ್ಲ. ಇವರು ಬೆರಳಲ್ಲಿ ತೋರಿಸಿದರೂ ನನಗೆ ಕಾಣದು. ನನಗೆ ನಿಜವಾಗಿಯೂ ಗೊತ್ತಿಲ್ಲ, ಇವರಿಗೆ ಗೊತ್ತಿದೆ. ಬತ್ತಿ ಹೊಸೆಯುತ್ತಾ ಕಾದೆ. ಬಹಳ ಹೊತ್ತಿನ ಮೇಲೆ, ಭಾರದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದವರ ಹಾಗೆ ಏದುಸಿರು ಬಿಟ್ಟು, ‘ಅತ್ತೆ’ ಎಂದರು.

ಆ ಸಂಜೆ ಅದೊಂದೇ ಮಾತು. ಮಾರನೆಯ ಸಂಜೆ ಅದೂ ಇಲ್ಲ, ಸಿಟ್ಟು ಬಂದು ದಿಂಬು ಎಸೆದರು. ಆಮೇಲೆ ಬಾಗಿಲು ಬಂತು, ಸೀರೆ ಬಂತು, ಗಂಡನಿಗೆ ‘ಪೆದ್ದ’ ಎನ್ನುವ ಸರಿಯಾದ ಹೆಸರೂ ಬಂತು. ಒಂದು ದಿನ ಸಿಡಿಲುಗಳ ನಡುವೆ ಏನಾಯಿತು ಎಂದು ಕೇಳಿದಾಗ, ಅತ್ತೆ ಮೇಲೆ ಹೋದಳು ಎಂದರು. ನನಗೆ ಅಯ್ಯೋ ಅನ್ನಿಸಿತು. ಎಷ್ಟು ಕೆಟ್ಟವಳಾದರೂ ಇಷ್ಟು ವರ್ಷ ಸಂಜೆ ಮನೆಗೆ ಬಂದವಳಲ್ಲವೇ. ಮಾರನೆಯ ದಿನ ನೋಡಿದರೆ, ಅಲ್ಲ, ಕೇಳಿದರೆ, ಅದೇ ಅತ್ತೆ ಗಟ್ಟಿಮುಟ್ಟಾದ ದನಿಯಲ್ಲಿ ಸೊಸೆಯನ್ನು ಬೈಯುತ್ತಿದ್ದಾಳೆ. ಸತ್ತುಹೋದಳು ಅಂದಿರಲ್ಲ ಎಂದು ರೇಗಿದೆ. ಹಿಂದಿನಿಂದ ‘ಮಹಡಿ’ ಎಂದರು. ಮಹಡಿ ಮೇಲೆ ಹೋಗಿದ್ದಳಂತೆ. ಹೇಳಿ ಮುಗಿಸುವಷ್ಟರಲ್ಲಿ ಇವರಿಗೆ ನಗು ಬಂತು. ಕಾಯಿಲೆ ಬಿದ್ದ ಮೇಲೆ ಆ ನಗು ಕೇಳಿದ್ದು ಅದೇ ಮೊದಲು. ನನಗೆ ಕೈಯಲ್ಲಿದ್ದ ಹತ್ತಿಯಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ಹರಕೆ ಫಲಿಸುತ್ತಿದೆ ಎಂದು ಗೋಡೆಯನ್ನು ನೋಡಿಕೊಂಡೇ ಗಂಗೆಗೆ ಕೈ ಮುಗಿದೆ.

ಹೋಳಿ ಕಳೆದು ಬಿಸಿಲು ಏರಿತು. ಒಂದು ಸಂಜೆ ಧಾರಾವಾಹಿ ನಡುವಿನಲ್ಲೇ ನಿಂತಿತು. ಕರೆಂಟಿಗೂ ಮೊಬೈಲಿಗೂ ಸಂಬಂಧವಿಲ್ಲ, ಇವರೇ ಬೆರಳಿಟ್ಟು ನಿಲ್ಲಿಸಿದ್ದರು. ನಾನು ಬತ್ತಿ ಹೊಸೆಯುತ್ತಲೇ ಇದ್ದೆ.

‘ಇವಳೇ’ ಎಂದರು.

ಮದುವೆಯಾದಂದಿನಿಂದ ನನ್ನನ್ನು ಕರೆದದ್ದು ಹಾಗೆ. ಕಾಯಿಲೆಯಾದ ಮೇಲೆ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಘಾಟಿನಲ್ಲಿ ನಿಂತುಹೋದ ಜಾಗ ಅದೇ ತಾನೇ, ಎದುರಿಗಿರುವವರನ್ನು ಕರೆಯುವ ಜಾಗ. ನನ್ನ ಕೈ ನಿಂತಿತು. ಆ ಹುಡುಗಿ ಹೇಳಿದ್ದು ನೆನಪಿತ್ತು, ಬಾಯಿ ಹಾಕಲಿಲ್ಲ. ಏನೂಂದ್ರೆ ಎಂದು ಮಾತ್ರ ಕೇಳಿ, ಗೋಡೆಯನ್ನೇ ನೋಡುತ್ತಾ ಕಾದೆ. ಒಂದೊಂದು ಮಾತೂ ಬೇರೆ ಬೇರೆ ಕೋಣೆಯಿಂದ ನಡೆದು ಬಂದಂತೆ ಬಂತು.

‘ನೀನು... ಕಾಶೀಲಿ... ನನ್ನ ಮುಖ... ಬಿಟ್ಟೆಯಾ?’

ಅಷ್ಟು ಸಂಜೆಗಳಲ್ಲಿ ಇವರಿಗೆ ಕಂಡದ್ದು ನನ್ನ ಬೆನ್ನು. ಕನ್ನಡಿಗೆ ಟವಲು ಹಾಕಿಸಿದ ಮನುಷ್ಯ, ಹೆಂಡತಿಯೂ ಗೋಡೆಗೆ ತಿರುಗಿ ಕೂತರೆ ಇನ್ನೇನೆಂದುಕೊಳ್ಳಬೇಕು? ಮಾತು ಬರಲಿ ಎಂದು ಬಿಟ್ಟೆ, ಮಾತು ಬಂದು ಮೊದಲು ಕೇಳಿದ ಪ್ರಶ್ನೆ ಇದು. ಹತ್ತಿಯ ಡಬ್ಬಿ ಉರುಳಿದ್ದೂ ಗೊತ್ತಾಗಲಿಲ್ಲ. ತಿರುಗಿ, ಮೊಬೈಲನ್ನು ಮೊದಲು ಮಗುಚಿ, ಇವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಸ್ಸಿಯ ಮೆಟ್ಟಿಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮುಚ್ಚಿಟ್ಟದ್ದು ತಪ್ಪಾಯಿತು ಎಂದೆ. ಅಳುತ್ತಲೇ ಹೇಳಿದ್ದರಿಂದ ಎಷ್ಟು ಅರ್ಥವಾಯಿತೋ ಎಂದುಕೊಂಡರೆ, ಪೂರ್ತಿ ಕೇಳಿದ ಮೇಲೆ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಏನಂದೆ ಎಂದು ಸನ್ನೆ ಮಾಡಿ ಕೇಳಿದರು. ಧಾರಾವಾಹಿ ನೋಡೋದು ಬಿಟ್ಟೆ ಅಂದೆ ಎಂದೆ.

‘ಧಾರಾವಾಹಿ’ ಎಂದರು. ಸ್ವಲ್ಪ ತ್ರಾಣ ತಂದುಕೊಂಡು, ‘ಅಷ್ಟೇ’ ಎಂದರು.

ಆಮೇಲೆ ಎಡಗೈಯಿಂದ ಮಂಚದ ಎದುರಿಗಿದ್ದ ಕುರ್ಚಿಯನ್ನು ತೋರಿಸಿದರು.

ಘಾಟಿನ ಚೌಕಿಯ ಮೇಲೆ ಈಗ ಇವರ ದಾಯಾದಿಯೊಬ್ಬರು ಕೂರುತ್ತಾರೆ. ಇವರು ಮತ್ತೆ ಅಲ್ಲಿಗೆ ಹೋಗುವ ಸೂಚನೆಯಿಲ್ಲ, ಬಂದ ಮಾತುಗಳಲ್ಲಿ ಕೆಲವು ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಹರಕೆಯನ್ನು ನಾನು ಮುರಿದಿಲ್ಲ, ಆ ಸೊಸೆಯ ಮುಖ ಈಗ ಹೇಗಿದೆಯೋ ನನಗೆ ತಿಳಿಯದು. ಸಂಜೆ ಸಕ್ಕರೆ ಡಬ್ಬಿಗೆ ಮೊಬೈಲನ್ನು ಇವರ ಕಡೆಗೆ ಒರಗಿಸಿಡುತ್ತೇನೆ, ಅದರ ಬೆನ್ನು ನನ್ನ ಕಡೆಗಿರುತ್ತದೆ. ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಪರದೆಯ ಬೆಳಕು ಇವರ ಮುಖದ ಮೇಲೆ ಬೀಳುತ್ತದೆ, ಜೋತ ಮೂಲೆಯ ಮೇಲೂ ಬೀಳುತ್ತದೆ. ಸಿಡಿಲು ಬಡಿದಾಗ ಏನಾಯಿತು ಎಂದು ಕೇಳುತ್ತೇನೆ. ಮಾತು ಬರುವವರೆಗೆ ನೋಡುತ್ತಾ ಕೂತಿರುತ್ತೇನೆ.